ಕೆರೆ ದಂಡೆಯ ಗಿಡಮೂಲಿಕೆ ರಸದ ಗಾಡಿ: ಲೋಟ ಚೊಕ್ಕಟ, ವಿಚಾರಣೆ ಸೊನ್ನೆ

ಮೈಸೂರಿನಲ್ಲಿ ನಾನು ದಿನಾ ಬೆಳಿಗ್ಗೆ ನಡೆಯಲು ಹೋಗುವ ಕೆರೆಯ ಗೇಟಿನ ಎದುರು ಗಿಡಮೂಲಿಕೆ ರಸ ಮಾರುವ ತಳ್ಳುಗಾಡಿಯೊಂದು ಮೂರು ವರ್ಷಗಳಿಂದ ನಿಲ್ಲುತ್ತಿದೆ. ಐದೂವರೆಗೆ ಬಂದು, ಎಂಟೂವರೆಯ ಹೊತ್ತಿಗೆ ಕ್ಯಾನುಗಳನ್ನು ಖಾಲಿ ಮಾಡಿಕೊಂಡು ಹೊರಡುವ ಈ ಗಾಡಿಯ ಗಿರಾಕಿಗಳಲ್ಲಿ ಬಹುಪಾಲು ಜನ ಐವತ್ತೈದು ದಾಟಿದವರು. ಅಂದರೆ ಮನೆಯಿಂದ ಹೊರಡುವ ಮುನ್ನ ಒಂದೆರಡು ಮಾತ್ರೆ ನುಂಗಿ ಬಂದವರು, ಇಲ್ಲವೇ ಮನೆಗೆ ಮರಳಿದೊಡನೆ ನುಂಗುವವರು. ನಾನೂ ಆ ಪೈಕಿಯವನೇ. ಮೂವತ್ತೊಂದು ವರ್ಷ ಔಷಧದ ಅಂಗಡಿ ನಡೆಸಿ, ಈಗ ಅದನ್ನು ಮಗನ ಕೈಗೆ ಒಪ್ಪಿಸಿ, ಸಕ್ಕರೆ ಕಾಯಿಲೆಗೆ ಎರಡು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ಫೆಬ್ರುವರಿಯಿಂದ ಏಪ್ರಿಲ್ ಮಧ್ಯದವರೆಗೆ, ನಡುವೆ ಒಂದು ವಾರ ಬಿಟ್ಟು, ಹತ್ತು ವಾರಗಳ ಕಾಲ ಈ ಗಾಡಿಯ ರಸ ಕುಡಿದು ನೋಡಿದ್ದೇನೆ. ಬಿಟ್ಟ ಆ ವಾರದ ಕಾರಣ ಮುಂದೆ ಬರುತ್ತದೆ. ಗಾಡಿಯ ಹೆಸರನ್ನೂ ಕೆರೆಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಹೇಳಹೊರಟಿರುವ ಕೊರತೆ ಬೇರೆ ಊರುಗಳ ಉದ್ಯಾನಗಳ ಬಾಗಿಲಲ್ಲಿ ನಿಲ್ಲುವ ಇಂಥ ಗಾಡಿಗಳಿಗೂ ಅಷ್ಟೇ ಹೊಂದುತ್ತದೆ.

ಮೆಚ್ಚಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಲ್ಲಿ ಇರುವ ಎಂಟು ಸ್ಟೀಲ್ ಕ್ಯಾನುಗಳು ಸಾಲಾಗಿ ನಿಂತಿರುತ್ತವೆ, ಪ್ರತಿಯೊಂದರ ಕುತ್ತಿಗೆಗೂ ರಸದ ಹೆಸರು ಬರೆದ ರಟ್ಟಿನ ಚೀಟಿ ನೇತಾಡುತ್ತದೆ. ರಸಕ್ಕೆ ಬಳಸುವುದು ಕ್ಯಾನಿನ ಶುದ್ಧ ನೀರು. ಐಸ್ ಇಲ್ಲ, ಸಕ್ಕರೆ ಇಲ್ಲ, ಬಣ್ಣ ಇಲ್ಲ. ಸ್ಟೀಲ್ ಲೋಟ ಬೇಕೆಂದರೆ ಬಿಸಿನೀರಿನಲ್ಲಿ ಅದ್ದಿ ಕೊಡುತ್ತಾರೆ, ಬೇಡವೆಂದರೆ ಕಾಗದದ ಲೋಟ. ಒಂದೇ ಬಗೆಯ ರಸಕ್ಕೆ ಇಪ್ಪತ್ತು ರೂಪಾಯಿ, ಐದು ಬಗೆ ಸೇರಿಸಿದ ‘ಮಿಶ್ರ’ಕ್ಕೆ ಮೂವತ್ತು. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಗಂಡ ಹೆಂಡತಿ ಇಬ್ಬರೂ ತರಕಾರಿ ತೊಳೆದು ರುಬ್ಬುತ್ತಾರೆಂದು ಮಾಲೀಕ ಹೇಳಿದ್ದು ಸುಳ್ಳೆಂದು ನನಗೆ ಅನ್ನಿಸಿಲ್ಲ. ಆ ಹೆಣ್ಣುಮಗಳ ಬೆರಳ ತುದಿಗಳು ನೆಲ್ಲಿಕಾಯಿಯ ಒಗರಿಗೆ ಕಪ್ಪಾಗಿರುವುದನ್ನು ನೋಡಿದರೆ ಸಾಕು. ಬೂದುಗುಂಬಳದ ರಸವಂತೂ ನಾನು ಬೇರೆಲ್ಲೂ ಕುಡಿಯದಷ್ಟು ತಿಳಿಯಾಗಿ, ತಂಪಾಗಿ ಇರುತ್ತದೆ. ಬರೀ ಹೋಟೆಲಿನ ಅಳತೆಯಲ್ಲಿ ತೂಗುವುದಾದರೆ, ಐದರಲ್ಲಿ ನಾಲ್ಕೂವರೆ ಅಂಕ ಕೊಟ್ಟು ನಾನು ಸುಮ್ಮನಾಗಬಹುದಿತ್ತು.

ಆದರೆ ಗಾಡಿಯ ನೆತ್ತಿಯ ಮೇಲೆ ಒಂದು ಫ್ಲೆಕ್ಸ್ ಫಲಕವಿದೆ. ‘ಶುಗರ್‌ಗೆ ಹಾಗಲಕಾಯಿ, ಬಿ.ಪಿ.ಗೆ ಸೋರೆಕಾಯಿ, ಕಿಡ್ನಿ ಕಲ್ಲಿಗೆ ಬಾಳೆದಿಂಡು, ರಕ್ತಶುದ್ಧಿಗೆ ಗರಿಕೆ, ಹೊಟ್ಟೆ ಶುದ್ಧಿಗೆ ಲೋಳೆಸರ, ಮಂಡಿನೋವಿಗೆ ನುಗ್ಗೆಸೊಪ್ಪು, ಲಿವರ್ ಶುದ್ಧಿಗೆ ಅಮೃತಬಳ್ಳಿ’ ಎಂದು ಹಸಿರು ಅಕ್ಷರದಲ್ಲಿ ಬರೆದಿದೆ. ಈ ಫಲಕ ನೇತುಬಿದ್ದ ಗಳಿಗೆಯಲ್ಲೇ ಆ ಕ್ಯಾನುಗಳಲ್ಲಿರುವುದು ಪಾನಕವಾಗಿ ಉಳಿಯದೆ ಔಷಧವಾಗುತ್ತದೆ, ಮತ್ತು ಔಷಧ ಕೊಡುವವನು ಕೇಳಬೇಕಾದ ಪ್ರಶ್ನೆಗಳನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ಕಲ್ಲು ಇವುಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಹಾಕುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ಹೆಸರಿಸಿಯೇ ನಿಷೇಧಿಸಿದೆ. ಎಪ್ಪತ್ತು ವರ್ಷ ಹಳೆಯ ಆ ಕಾಯಿದೆಯ ಹೆಸರನ್ನು ಹೇಳಿದಾಗ ಮಾಲೀಕ ನಕ್ಕು, “ಫ್ಲೆಕ್ಸ್ ಮಾಡಿಕೊಟ್ಟೋನೇ ಎಲ್ಲಾ ಬರೆದುಬಿಟ್ಟ ಸಾರ್, ನಾನು ಬರೀ ಹೆಸರು ಹೇಳಿದ್ದು” ಎಂದ. ಇದನ್ನು ನಾನು ನಂಬುತ್ತೇನೆ. ಒಂದೇ ಅಕ್ಷರವಿನ್ಯಾಸದ, ಒಂದೇ ಕಾಗುಣಿತ ತಪ್ಪಿರುವ ಫಲಕವನ್ನು ನಾನು ಬೆಂಗಳೂರಿನ ಮೂರು ಬಡಾವಣೆಗಳಲ್ಲಿ ಕಂಡಿದ್ದೇನೆ.

ಇನ್ನು ನನ್ನ ಅನುಭವಕ್ಕೆ ಬರುತ್ತೇನೆ. ಮಾರ್ಚ್ ಕೊನೆಯ ವಾರದ ಒಂದು ದಿನ ನಾನು ತೆಗೆದುಕೊಂಡದ್ದು ಮಿಶ್ರ ರಸ. ಅದರಲ್ಲಿ ಸೋರೆ, ಹಾಗಲ, ಬೂದುಗುಂಬಳ, ಗರಿಕೆ, ನೆಲ್ಲಿ ಐದೂ ಇರುತ್ತವೆ. ಮೇಲೆ ಚಿಟಿಕೆ ಕಾಳುಮೆಣಸಿನ ಪುಡಿ, ಸೈಂಧವ ಲವಣ, ಅರ್ಧ ಹೋಳು ನಿಂಬೆ. ಅಂದು ಕಹಿ ತುಸು ಹೆಚ್ಚೇ ಇತ್ತು, ಹಾಗಲ ಜಾಸ್ತಿ ಬಿದ್ದಿರಬೇಕೆಂದುಕೊಂಡು ಮೂಗು ಹಿಡಿದು ಕುಡಿದೆ. ಮನೆಗೆ ಬಂದು ಪತ್ರಿಕೆ ಬಿಡಿಸುವಷ್ಟರಲ್ಲಿ ಹೊಕ್ಕುಳ ಮೇಲ್ಭಾಗದಲ್ಲಿ ಹಿಂಡಿದಂತೆ ನೋವು ಶುರುವಾಯಿತು. ಮುಂದಿನ ಒಂದು ಗಂಟೆಯಲ್ಲಿ ಐದು ಸಲ ವಾಂತಿ, ಜೊತೆಗೆ ನೀರಿನಂತೆ ಭೇದಿ. ಮಗ ಆಸ್ಪತ್ರೆಗೆ ಕರೆದೊಯ್ದಾಗ ರಕ್ತದೊತ್ತಡ ತೀರಾ ಇಳಿದಿತ್ತು. ಅಲ್ಲಿನ ವೈದ್ಯೆ ಕೇಳಿದ ಎರಡನೇ ಪ್ರಶ್ನೆಯೇ “ಬೆಳಿಗ್ಗೆ ಸೋರೆಕಾಯಿ ಜ್ಯೂಸ್ ಏನಾದರೂ ಕುಡಿದಿರಾ?” ಎಂಬುದಾಗಿತ್ತು. ಡ್ರಿಪ್ಪು, ಹೊಟ್ಟೆಯ ಆಮ್ಲ ತಗ್ಗಿಸುವ ಚುಚ್ಚುಮದ್ದು, ಒಂದು ರಾತ್ರಿಯ ವಾಸ. ಮರುದಿನ ಮಧ್ಯಾಹ್ನ ಮನೆಗೆ ಬಂದೆ. ಇದರ ನಡುವೆ ಮಗ ಗಾಡಿಯ ಬಳಿಗೆ ಹೋಗಿ, ಕೆಳಗಿನ ಬುಟ್ಟಿಯಲ್ಲಿ ಉಳಿದಿದ್ದ ಅರ್ಧ ಸೋರೆಕಾಯಿಯನ್ನು ತಂದಿದ್ದ. ನೋಡಲು ಎಳೆಯದು, ತಿಳಿಹಸಿರು, ಉಗುರು ಊರಿದರೆ ಇಳಿಯುವಂಥದ್ದು, ಸಂತೆಯಲ್ಲಿ ಯಾವ ಗೃಹಿಣಿಯೂ ಕಣ್ಣು ಮುಚ್ಚಿ ಆರಿಸಿಕೊಳ್ಳುವಂಥ ಕಾಯಿ. ಅದರ ತಿರುಳನ್ನು ನಾಲಿಗೆಯ ತುದಿಗೆ ತಾಗಿಸಿ ಉಗುಳಿದ ಅವನು ಅರ್ಧ ಗಂಟೆ ಬಾಯಿ ಮುಕ್ಕಳಿಸುತ್ತಲೇ ಇದ್ದನಂತೆ.

ಸೋರೆ, ಸೌತೆ, ಹೀರೆ, ಕುಂಬಳ ಜಾತಿಯ ಬಳ್ಳಿಗಳು ಕೀಟಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಕುಕರ್ಬಿಟಾಸಿನ್ ಎಂಬ ಕಹಿ ವಸ್ತುಗಳನ್ನು ತಯಾರಿಸುತ್ತವೆ. ನಾವು ಬೆಳೆಯುವ ತಳಿಗಳಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ನೀರಿನ ಅಭಾವ, ಬಿಸಿಲಿನ ಝಳ, ಕಾಡು ಸೋರೆಯೊಂದಿಗೆ ಪರಾಗ ಬೆರೆತ ಬೀಜ ಇಂಥ ಕಾರಣಗಳಿಂದ ಒಂದೊಂದು ಕಾಯಿಯಲ್ಲಿ ಅದು ಇದ್ದಕ್ಕಿದ್ದಂತೆ ಏರಿಬಿಡುತ್ತದೆ. ಹೊರಗಿನಿಂದ ನೋಡಿ ಗುರುತಿಸಲು ಬರುವುದಿಲ್ಲ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ, ಇದಕ್ಕೆಂದೇ ಇರುವ ಪ್ರತಿವಿಷವೂ ಇಲ್ಲ. 2010ರಲ್ಲಿ ದೆಹಲಿಯಲ್ಲಿ ಸೋರೆ ಹಾಗೂ ಹಾಗಲದ ಮಿಶ್ರ ರಸ ಕುಡಿದ ವಿಜ್ಞಾನಿಯೊಬ್ಬರು ತೀರಿಕೊಂಡ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯನ್ನು ನೇಮಿಸಿತು. ಆ ಸಮಿತಿಯ ಸಲಹೆಗಳು ಬಹಳ ಸರಳ: ರಸ ತೆಗೆಯುವ ಮುಂಚೆ ಕಾಯಿಯ ಚಿಕ್ಕ ಹೋಳನ್ನು ರುಚಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು, ಸೋರೆಯ ರಸಕ್ಕೆ ಬೇರೆ ಯಾವ ರಸವನ್ನೂ ಬೆರೆಸಬಾರದು, ಕುಡಿದ ಮೇಲೆ ವಾಂತಿ, ಹೊಟ್ಟೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೂರನೆಯ ಸಲಹೆಯ ಬೆಲೆ ನನಗೆ ಗೊತ್ತಾದದ್ದು ಡ್ರಿಪ್ಪಿನ ಕೆಳಗೆ ಮಲಗಿದಾಗ. ವಿಷದ ಸೋರೆ ಬಂದಾಗ ನಮ್ಮ ಬಳಿ ಇರುವ ಏಕೈಕ ಕಾವಲುಗಾರ ನಾಲಿಗೆ. ಆ ನಾಲಿಗೆಗೆ ಹಾಗಲದ ಕಹಿಯನ್ನು ಮೊದಲೇ ಉಣಿಸಿ, ನೆಲ್ಲಿಯ ಒಗರು, ನಿಂಬೆಯ ಹುಳಿ, ಮೆಣಸಿನ ಖಾರ ಎಲ್ಲವನ್ನೂ ಹೊರಿಸಿಬಿಟ್ಟರೆ ಅದು ಎಚ್ಚರಿಸುವುದಾದರೂ ಹೇಗೆ? ಕಹಿಯಾಗಿದ್ದಷ್ಟೂ ಮದ್ದಿಗೆ ಶಕ್ತಿ ಹೆಚ್ಚು ಎಂದು ನಂಬಿ ಬೆಳೆದ ನಮ್ಮಂಥವರು ಬೇರೆ. ಗಾಡಿಯಲ್ಲಿ ಅತಿ ಹೆಚ್ಚು ಬೆಲೆಯ, ಅತಿ ಹೆಚ್ಚು ಮಾರಾಟವಾಗುವ ಈ ಮಿಶ್ರವೇ ನನ್ನ ಲೆಕ್ಕದಲ್ಲಿ ಅಲ್ಲಿನ ಅತ್ಯಂತ ಅಪಾಯದ ಸರಕು.

ಹಾಗಲಕಾಯಿಯದ್ದು ಇನ್ನೊಂದು ಬಗೆಯ ತೊಂದರೆ. ಪಲ್ಯ, ಗೊಜ್ಜು ಮಾಡಿ ತಿನ್ನುವ ಹಾಗಲದಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಮೂರ್ನಾಲ್ಕು ಕಾಯಿಯ ಹಸಿ ರಸವನ್ನು ಒಂದೇ ಗುಟುಕಿಗೆ ಖಾಲಿ ಹೊಟ್ಟೆಗೆ ಇಳಿಸುವುದು ಊಟವಲ್ಲ. ಹಾಗಲದ ರಸಕ್ಕೆ ರಕ್ತದ ಸಕ್ಕರೆಯನ್ನು ತುಸು ಇಳಿಸುವ ಗುಣವಿರುವುದರಿಂದಲೇ ಅದು ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಸೇರಿದಾಗ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಜಾರಬಹುದು. ಮಾತ್ರೆ ನುಂಗಿ, ತಿಂಡಿ ತಿನ್ನದೆ, ನಾಲ್ಕು ಕಿಲೋಮೀಟರು ನಡೆದು, ಮೇಲೆ ಹಾಗಲದ ರಸ ಕುಡಿದು ಕಲ್ಲುಬೆಂಚಿನ ಮೇಲೆ ಕೂತವರಿಗೆ ಕೈ ನಡುಗಿ, ಬೆವರು ಕಿತ್ತು, ಕಣ್ಣು ಮಂಜಾದರೆ ಅದು ‘ರಸ ಕೆಲಸ ಮಾಡುತ್ತಿರುವ’ ಲಕ್ಷಣವೆಂದು ಸಂತೋಷಪಡುವುದು ಬೇಡ. ನನ್ನ ಜೊತೆ ನಡೆಯುವ ನಿವೃತ್ತ ಮೇಷ್ಟ್ರೊಬ್ಬರಿಗೆ ಹೀಗಾದಾಗ ಜೇಬಿನಲ್ಲಿದ್ದ ಕಡಲೆಮಿಠಾಯಿ ಬಾಯಿಗೆ ಹಾಕಿ ಕೂರಿಸಿದ್ದೆ. ಅದಕ್ಕಿಂತ ಕೆಟ್ಟದ್ದು, ರಸದಿಂದಲೇ ಸಕ್ಕರೆ ಹತೋಟಿಗೆ ಬಂತೆಂದು ಮಾತ್ರೆಯನ್ನೇ ನಿಲ್ಲಿಸುವುದು. ಔಷಧದಂಗಡಿಯಲ್ಲಿದ್ದಾಗ ಹಾಗೆ ನಿಲ್ಲಿಸಿ, ಆರು ತಿಂಗಳ ಮೇಲೆ ಕಾಲಿನ ಹುಣ್ಣಿಗೆ ಬ್ಯಾಂಡೇಜು ಕೊಳ್ಳಲು ಬಂದವರನ್ನು ನಾನು ಕಂಡಿದ್ದೇನೆ.

ಅಮೃತಬಳ್ಳಿಯ ವಿಚಾರವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕೋವಿಡ್ ಬರುವ ಮುಂಚೆ ಈ ಬಳ್ಳಿ ನಮ್ಮ ಬೇಲಿಗಳ ಮೇಲೆ, ಬೇವಿನ ಮರಗಳ ಮೇಲೆ ತನ್ನ ಪಾಡಿಗೆ ತಾನು ಹಬ್ಬಿಕೊಂಡಿತ್ತು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಗೆ ತಕ್ಕಂತೆ ಹೆಚ್ಚಿನವರು ಅದನ್ನು ಮುಟ್ಟುತ್ತಿರಲಿಲ್ಲ. 2020ರಲ್ಲಿ ಗಾದೆ ತಲೆಕೆಳಗಾಯಿತು. ಆಯುಷ್ ಸಚಿವಾಲಯದ ಆ ವರ್ಷದ ಕೋವಿಡ್ ಮಾರ್ಗಸೂಚಿಯಲ್ಲಿ ಗುಡೂಚಿಯ, ಅಂದರೆ ಇದೇ ಅಮೃತಬಳ್ಳಿಯ, ಮಾತ್ರೆಯ ಹೆಸರಿತ್ತು. ಜನ ಅದನ್ನು ತಮ್ಮದೇ ಅಳತೆಯಲ್ಲಿ ಕಾಂಡ ಜಜ್ಜಿ, ಎಲೆ ಅಗಿದು, ರಸ ಹಿಂಡಿ ತಿಂಗಳುಗಟ್ಟಲೆ ಸೇವಿಸಿದರು. 2021ರಲ್ಲಿ ಮುಂಬೈನ ಯಕೃತ್ತಿನ ತಜ್ಞರು ಅಮೃತಬಳ್ಳಿ ಸೇವಿಸಿದ ಮೇಲೆ ಕಾಮಾಲೆಯಾಗಿ ಬಂದ ಆರು ರೋಗಿಗಳ ವಿವರ ಪ್ರಕಟಿಸಿದರು. ಮರುವರ್ಷ ದೇಶದ ಹದಿಮೂರು ಚಿಕಿತ್ಸಾ ಕೇಂದ್ರಗಳಿಂದ ಇಂಥ 43 ರೋಗಿಗಳ ವರದಿ ಬಂತು. ಸೇವನೆ ಆರಂಭಿಸಿ ಸರಿಸುಮಾರು ಒಂದೂವರೆ ತಿಂಗಳಿಗೆ ಲಕ್ಷಣಗಳು ಕಾಣಿಸಿಕೊಂಡಿದ್ದವು. ಹಲವರ ಯಕೃತ್ತಿನಲ್ಲಿ ಕಂಡದ್ದು, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗದ ಮೇಲೆ ಬೀಳುವ ಬಗೆಯ ಉರಿಯೂತ. ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದೆಂಬ ಕಾರಣಕ್ಕೇ ಕುಡಿದ ಬಳ್ಳಿ, ಆ ಶಕ್ತಿಯೇ ದಾರಿ ತಪ್ಪುವ ಒಳಪ್ರವೃತ್ತಿ ಇರುವವರಲ್ಲಿ ಹೀಗೆ ಮಾಡಬಹುದೆಂಬುದು ವೈದ್ಯರ ಅನುಮಾನ.

ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಬಳಸಿದ ಗಿಡ ಯಾವುದೆಂದು ಸರಿಯಾಗಿ ಗುರುತಿಸಿಲ್ಲ, ಅದೇ ಕುಲದ ಟೈನೋಸ್ಪೊರಾ ಕ್ರಿಸ್ಪಾ ಎಂಬ ಇನ್ನೊಂದು ಬಳ್ಳಿ ಬೆರೆತಿರಬಹುದು, ನಿಜವಾದ ಗುಡೂಚಿ ಸುರಕ್ಷಿತ ಎಂಬುದು ಅದರ ವಾದ. ಈ ಎರಡು ಕಡೆಯ ಜಗಳವನ್ನು ಬಗೆಹರಿಸುವುದು ನನ್ನ ಕೆಲಸವಲ್ಲ. ಆದರೆ ಗಾಡಿಯ ಮುಂದೆ ನಿಂತ ಗಿರಾಕಿಗೆ ಎರಡೂ ವಾದ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಮೊದಲನೆಯದು ನಿಜವಾದರೆ ಬಳ್ಳಿಯೇ ಕೆಲವರಿಗೆ ಆಗದು, ಎರಡನೆಯದು ನಿಜವಾದರೆ ಸರಿಯಾದ ಬಳ್ಳಿಯನ್ನೇ ಕಿತ್ತಿದ್ದಾರೆಂಬ ಖಾತ್ರಿ ಬೇಕು. ಕ್ರಿಸ್ಪಾದ ಕಾಂಡದ ಮೇಲೆ ನರಹುಲಿಯಂಥ ಗಂಟುಗಳಿರುತ್ತವೆ, ಎಲೆ ಮಾತ್ರ ಎರಡರದ್ದೂ ವೀಳ್ಯದೆಲೆಯಂತೆ ಹೃದಯದ ಆಕಾರ. ಕಾಂಡ ರುಬ್ಬಿ ಸೋಸಿ ಕ್ಯಾನಿಗೆ ಇಳಿಸಿದ ಮೇಲೆ ಗಂಟೂ ಇಲ್ಲ, ಎಲೆಯೂ ಇಲ್ಲ. ಎಲ್ಲಿಂದ ತರುತ್ತೀರಿ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ: “ನಮ್ಮ ಭಾವಮೈದ ತರ್ತಾನೆ ಸಾರ್, ನಂಜನಗೂಡು ಕಡೆಯಿಂದ.” ಭಾವಮೈದನ ಗಿಡಜ್ಞಾನದ ಬಗ್ಗೆ ನನಗೆ ಅಗೌರವವಿಲ್ಲ, ಆದರೆ ದಿನಾ ಕುಡಿಯುವ ರಸಕ್ಕೆ ಅಷ್ಟು ಆಧಾರ ಸಾಲದು. ಥೈರಾಯ್ಡ್‌ನ ಸ್ವಯಂನಿರೋಧಕ ಕಾಯಿಲೆ, ಕೀಲುವಾತ, ಮೊದಲೇ ಇರುವ ಯಕೃತ್ತಿನ ತೊಂದರೆ ಇಂಥವರು ಈ ಕ್ಯಾನಿನ ಕಡೆ ಕೈ ಚಾಚದಿರುವುದೇ ಲೇಸು. ಉಳಿದವರೂ ಮೂತ್ರ ಗಾಢ ಹಳದಿಯಾದರೆ, ಕಣ್ಣಿನ ಬಿಳಿ ಬಣ್ಣಗೆಟ್ಟರೆ, ಊಟ ಸೇರದಾದರೆ ತಕ್ಷಣ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಬೇಕು.

ಉಳಿದ ಕ್ಯಾನುಗಳನ್ನು ಬೇಗ ದಾಟುತ್ತೇನೆ. ಲೋಳೆಸರದಲ್ಲಿ ಒಳಗಿನ ಲೋಳೆ ಬೇರೆ, ಸಿಪ್ಪೆಯ ಕೆಳಗಿನಿಂದ ಜಿನುಗುವ ಹಳದಿ ಹಾಲು ಬೇರೆ. ಎರಡನೆಯದು ಬಲವಾದ ಭೇದಿ ಮದ್ದು, ದಿನಾ ಸೇವಿಸಿದರೆ ದೇಹದ ಪೊಟ್ಯಾಸಿಯಂ ಸೋರಿಹೋಗುತ್ತದೆ. ಅದರಿಂದ ತಯಾರಿಸಿದ ವಿರೇಚಕಗಳನ್ನು ಅಮೆರಿಕದ ಔಷಧ ನಿಯಂತ್ರಕರು 2002ರಲ್ಲೇ ಚೀಟಿಯಿಲ್ಲದೆ ಮಾರುವ ಔಷಧಗಳ ಪಟ್ಟಿಯಿಂದ ತೆಗೆದರು, ಇಡೀ ಎಲೆಯ ಸಾರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ‘ಕ್ಯಾನ್ಸರ್ ತರುವ ಸಾಧ್ಯತೆಯಿರುವ’ ವಸ್ತುಗಳ ಗುಂಪಿನಲ್ಲಿ ಇಟ್ಟಿದೆ. ನಮ್ಮ ಗಾಡಿಯಲ್ಲಿ ಎಲೆಯನ್ನು ಕತ್ತರಿಸಿ ಹಳದಿ ಹಾಲು ಬಸಿಯಲು ನಿಲ್ಲಿಸಿ, ಸಿಪ್ಪೆ ಹೆರೆದೇ ರುಬ್ಬುತ್ತಾರೆ; ಇದು ಒಳ್ಳೆಯ ಪದ್ಧತಿ. ನುಗ್ಗೆಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳವಾಗಿದೆ, ಹೃದಯದ ಕವಾಟ ಬದಲಾಯಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ದಿನಕ್ಕೊಂದು ಲೋಟ ಶುರುಮಾಡಿದರೆ ಮಾತ್ರೆಯ ಬಲ ಕುಗ್ಗುತ್ತದೆ. ಗರಿಕೆಗೆ ಗಿಡದ ದೋಷವಿಲ್ಲ, ಅದು ಬೆಳೆದ ಜಾಗದ್ದೇ ಚಿಂತೆ: ಪಾರ್ಕಿನ ಹುಲ್ಲಿನ ಮೇಲೆ ಏನು ಸಿಂಪಡಿಸಿದ್ದಾರೆ, ಯಾವ ನಾಯಿ ಕಾಲೆತ್ತಿದೆ ಎಂಬುದನ್ನು ಸೋಸುವ ಬಟ್ಟೆ ಸೋಸುವುದಿಲ್ಲ.

ಬೇಸಿಗೆಯಲ್ಲಿ ಒಂಬತ್ತನೇ ಕ್ಯಾನು ಬರುತ್ತದೆ, ಧಾರೆಹುಳಿಯದ್ದು; ಮೈಸೂರಿನವರು ಕಮರಾಕ್ಷಿ ಎನ್ನುತ್ತಾರೆ. ಹುಳಿ, ಸಿಹಿ, ಉಪ್ಪು ಸೇರಿ ಬಾಯಿಗೆ ಬಲು ರುಚಿ. ಆದರೆ ಮೂತ್ರಪಿಂಡ ದುರ್ಬಲವಾದವರಿಗೆ ಈ ಹಣ್ಣು ನಿಜಕ್ಕೂ ವಿಷ, ಬಿಡದ ಬಿಕ್ಕಳಿಕೆಯಿಂದ ಆರಂಭವಾಗಿ ಗೊಂದಲ, ಸೆಳೆತದವರೆಗೆ ಹೋಗಬಹುದು. ಅದರ ಹತ್ತಿರದ ಬಂಧು, ಕರಾವಳಿಯಲ್ಲಿ ಉಪ್ಪಿನಕಾಯಿಗೆ ಬಳಸುವ ಬಿಂಬುಳಿಯ ರಸವನ್ನು ಕೊಲೆಸ್ಟ್ರಾಲ್ ಇಳಿಯಲೆಂದು ಕುಡಿದು, ಆಕ್ಸಲೇಟ್ ಹರಳು ತುಂಬಿ ಮೂತ್ರಪಿಂಡ ಕೆಟ್ಟ ಹತ್ತು ಜನರ ವಿವರ ಕೇರಳದಿಂದ 2013ರಲ್ಲಿ ಪ್ರಕಟವಾಗಿದೆ. ಸಕ್ಕರೆ ಕಾಯಿಲೆ ಹಳತಾದವರಲ್ಲಿ ಎಷ್ಟೋ ಮಂದಿಯ ಮೂತ್ರಪಿಂಡ ಅವರಿಗೇ ತಿಳಿಯದಂತೆ ಸವೆದಿರುತ್ತದೆ. ಅಂಥವರಿಗೆ ಪೊಟ್ಯಾಸಿಯಂ ತುಂಬಿದ ಬಾಳೆದಿಂಡಿನ ರಸವೂ ದಿನಾ ಹಿತವಲ್ಲ, ಫಲಕದ ಮೇಲೆ ಕಿಡ್ನಿಯ ಹೆಸರಿದ್ದರೂ.

ಗಾಡಿಯ ಪಕ್ಕದ ಸಣ್ಣ ಮೇಜಿನ ಮೇಲೆ ಪುಡಿಗಳ ಪೊಟ್ಟಣಗಳನ್ನೂ ಇಟ್ಟಿರುತ್ತಾರೆ. ನಾನು ಎಂಬತ್ತು ರೂಪಾಯಿ ಕೊಟ್ಟು ‘ಮಧುಮೇಹ ಚೂರ್ಣ’ವೊಂದನ್ನು ಕೊಂಡು ತಂದೆ. ಪ್ಲಾಸ್ಟಿಕ್ ಚೀಲ, ಮೇಣದಬತ್ತಿಯ ಉರಿಯಲ್ಲಿ ಅಂಟಿಸಿದ ಬಾಯಿ, ಒಳಗೆ ಗಣಪತಿಯ ಚಿತ್ರವಿರುವ ಚೀಟಿ. ಒಳಗಿರುವ ಮೂಲಿಕೆಗಳ ಪಟ್ಟಿ, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ತಾರೀಕು ಇವೆಲ್ಲ ಆಯುರ್ವೇದ ಔಷಧದ ಮೇಲೂ ಕಡ್ಡಾಯ. ಚೀಟಿಯಲ್ಲಿ ಇದ್ದದ್ದು ‘ಪಥ್ಯ ಇಲ್ಲ, ಸೈಡ್ ಎಫೆಕ್ಟ್ ಇಲ್ಲ’ ಎಂಬ ಎರಡು ಮಾತು. ಅಡ್ಡ ಪರಿಣಾಮವೇ ಇಲ್ಲದ ಔಷಧಕ್ಕೆ ಪರಿಣಾಮವೂ ಇರಲಿಕ್ಕಿಲ್ಲ ಎಂದು ನಮ್ಮ ಅಂಗಡಿಗೆ ಬರುತ್ತಿದ್ದ ಹಿರಿಯ ಆಯುರ್ವೇದ ಪಂಡಿತರೊಬ್ಬರು ನಗುತ್ತಿದ್ದರು. ನಮ್ಮ ಔಷಧ ನಿಯಮಗಳ ‘ಇ-1’ ಅನುಸೂಚಿ ವತ್ಸನಾಭ, ದತ್ತೂರ, ಕಣಗಿಲೆ, ಗುಲಗಂಜಿ, ಕಾಸರಕ ಮುಂತಾದ ಮೂಲಿಕೆಗಳನ್ನು ವಿಷದ್ರವ್ಯಗಳೆಂದೇ ಪಟ್ಟಿ ಮಾಡಿ, ಅವು ಸೇರಿದ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಇಂಗ್ಲಿಷ್ ಹಾಗೂ ಹಿಂದಿಯಲ್ಲಿ ಮುದ್ರಿಸಬೇಕೆನ್ನುತ್ತದೆ. ಕನ್ನಡ ಮಾತ್ರ ಓದಬಲ್ಲವರು ಏನು ಮಾಡಬೇಕೆಂದು ಆ ನಿಯಮ ಹೇಳುವುದಿಲ್ಲ. ಪರವಾನಗಿಯ ಮೊಹರು ಇದ್ದ ಮಾತ್ರಕ್ಕೆ ಕಣ್ಣು ಮುಚ್ಚುವಂತೆಯೂ ಇಲ್ಲ: 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಬಾಸ್ಟನ್ ಸುತ್ತಿನ ಅಂಗಡಿಗಳಿಂದ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಊರಿನಿಂದ ಮಕ್ಕಳಿಗೆ ಡಬ್ಬಿಗಟ್ಟಲೆ ಚೂರ್ಣ ಕಟ್ಟಿ ಕಳಿಸುವ ತಂದೆ ತಾಯಂದಿರು ಇದನ್ನು ನೆನಪಿನಲ್ಲಿಡಬೇಕು. ನಾನು ತಂದ ಪೊಟ್ಟಣವನ್ನು ತೆರೆಯಲೇ ಇಲ್ಲ.

ಗಿಡದ ಗುರುತಿನ ವಿಚಾರದಲ್ಲಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ಪುತ್ತೂರು ಕಡೆಯ ನನ್ನ ಬಾಲ್ಯವೂ ಕಾರಣ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ, ತುಳುವಿನಲ್ಲಿ ಪಾಲೆ ಎನ್ನುವ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ರಸ ತೆಗೆದು, ಬೆಣಚುಕಲ್ಲು ಕಾಯಿಸಿ ಅದ್ದಿ, ಬೆಳ್ಳುಳ್ಳಿ ಓಮದ ಒಗ್ಗರಣೆ ಕೊಟ್ಟು ಮನೆಮಂದಿಯೆಲ್ಲ ಒಂದೊಂದು ಸಣ್ಣ ಲೋಟ ಕುಡಿಯುತ್ತಿದ್ದೆವು, ಹಿಂದೆಯೇ ಮೆಂತೆ ಗಂಜಿ. ಹಿಂದಿನ ದಿನ ಸಂಜೆಯ ಬೆಳಕಿನಲ್ಲೇ ಅಪ್ಪ ಮರದ ಬಳಿಗೆ ಹೋಗಿ ಬಾಳೆನಾರು ಕಟ್ಟಿ ಬರುತ್ತಿದ್ದರು. ಕತ್ತಲಲ್ಲಿ ಕೈ ತಪ್ಪಿ ಕಾಸರಕದ ತೊಗಟೆ ಕೆತ್ತಿದರೆ ಸ್ಟ್ರಿಕ್ನಿನ್ ವಿಷಕ್ಕೆ ಮೈಯೆಲ್ಲ ಸೆಟೆದು ಸಾವೇ ಬರಬಹುದೆಂದು ಅವರಿಗೆ ಗೊತ್ತಿತ್ತು. ವರ್ಷಕ್ಕೆ ಒಂದೇ ದಿನ, ಒಂದೇ ಲೋಟ, ಗುರುತು ಕಟ್ಟಿದ ಮರ, ಮೇಲೆ ತಂಪಿಗೆ ಗಂಜಿ: ಇಷ್ಟೆಲ್ಲ ಕಟ್ಟುಪಾಡಿನೊಳಗೆ ಹಿರಿಯರು ಆ ಕಹಿಯನ್ನು ಇಟ್ಟಿದ್ದರು. ಹೆಸರು ಹೋಲುವುದೂ ಅಷ್ಟೇ ಅಪಾಯ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ತೂಕ ಇಳಿಸುವ ಮಾತ್ರೆಗಳಲ್ಲಿ, ಚೀನೀ ಹೆಸರು ಹೋಲುವ ಕಾರಣಕ್ಕೆ ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಕುಲದ ಗಿಡ ಸೇರಿ, ನೂರರಷ್ಟು ಮಂದಿಯ ಮೂತ್ರಪಿಂಡಗಳು ಹಾಳಾದವು, ಮುಂದೆ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಅದೇ ಕುಲದ ಗಿಡವೊಂದು ನಮ್ಮಲ್ಲಿ ಈಶ್ವರಿ ಬಳ್ಳಿ, ಹಾವಿನ ವಿಷಕ್ಕೆ ಮದ್ದೆಂದು ಹೆಸರುವಾಸಿ. ಬೆಲ್ಜಿಯಂನಲ್ಲಿ ಮೂತ್ರಪಿಂಡ ಕೆಡಿಸಿದ ಅರಿಸ್ಟೊಲೋಕಿಕ್ ಆಮ್ಲ ಎಂಬ ವಿಷ ಅದರಲ್ಲೂ ಇದೆ, ಬೇರು ಇಂದಿಗೂ ಗ್ರಂಥಿಗೆ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಬ್ರಾಹ್ಮಿ ಎಂದರೆ ಒಬ್ಬ ಅಂಗಡಿಯವ ಒಂದೆಲಗ ಕೊಡುತ್ತಾನೆ, ಇನ್ನೊಬ್ಬ ನೀರುಬ್ರಾಹ್ಮಿ ಕೊಡುತ್ತಾನೆ, ಇಬ್ಬರೂ ತಾವೇ ಸರಿ ಎನ್ನುತ್ತಾರೆ.

ಆಸ್ಪತ್ರೆಯಿಂದ ಬಂದು ಒಂದು ವಾರದ ಮೇಲೆ ಗಾಡಿಯ ಬಳಿಗೆ ಹೋದೆ. ಮಾಲೀಕ ಸಿಟ್ಟಾಗಲಿಲ್ಲ, ತಪ್ಪಿಸಿಕೊಳ್ಳಲೂ ನೋಡಲಿಲ್ಲ. “ಏನಾಗಲ್ಲ ಅಂದ್ಕೊಂಡೆ ಸಾರ್, ಎಲ್ಲಾ ಗಿಡದ್ದೇ ತಾನೇ” ಎಂದು ತಲೆ ತಗ್ಗಿಸಿದ. ಅದೇ ದಿನ ಮಿಶ್ರ ಕುಡಿದ ಇನ್ನಿಬ್ಬರಿಗೂ ಹೊಟ್ಟೆ ಹಿಂಡಿತ್ತೆಂದು ಅವನೇ ಹೇಳಿದ್ದು. ಆಸ್ಪತ್ರೆಯ ಬಿಲ್ಲಿನಲ್ಲಿ ಪಾಲು ಕೊಡುತ್ತೇನೆಂದ, ನಾನು ಬೇಡವೆಂದೆ, ಬದಲಿಗೆ ನಾಲ್ಕು ಮಾತು ಕೇಳಿಸಿಕೊಳ್ಳಲು ಹೇಳಿದೆ. ಗಿರಾಕಿಗಳಿಗೆ ಯಾವ ಮಾತ್ರೆ ತಗೋತೀರಿ ಎಂದು ಕೇಳು ಎಂದಾಗ ಅವನು ಕೊಟ್ಟ ಉತ್ತರಕ್ಕೆ ನನ್ನಲ್ಲೂ ಮರುಮಾತಿರಲಿಲ್ಲ: “ಕೇಳಿದ್ರೆ ಹೇಳ್ತಾರೆ ಸಾರ್, ಆಮೇಲೆ ನಾನೇನು ಮಾಡ್ಲಿ? ನನಗೆ ಆ ಮಾತ್ರೆ ಹೆಸರೇ ಓದಕ್ಕೆ ಬರಲ್ಲ.” ಹಾಗಾಗಿ ಆ ಹೊಣೆ ಕುಡಿಯುವವರದ್ದೇ. ರಕ್ತಪರೀಕ್ಷೆಗೆ ಹೋದಾಗ, ಶಸ್ತ್ರಚಿಕಿತ್ಸೆಗೆ ಮುಂಚೆ, ಹೊಸ ಮಾತ್ರೆ ಬರೆಸಿಕೊಳ್ಳುವಾಗ ವೈದ್ಯರಿಗೆ ರಸ, ಕಷಾಯ, ಚೂರ್ಣಗಳ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಬೈಯುತ್ತಾರೆಂದು ಮುಚ್ಚಿಡುವವರೇ ಹೆಚ್ಚೆಂಬುದು ನನ್ನ ಅಂಗಡಿಯ ಅನುಭವ. ಗರ್ಭಿಣಿಯರು, ಬಾಣಂತಿಯರು, ಚಿಕ್ಕಮಕ್ಕಳು ಈ ಎಂಟು ಕ್ಯಾನುಗಳಿಂದ ದೂರವಿರಲಿ. ಮೂಲಿಕೆಯೇ ಬೇಕೆನ್ನುವವರಿಗೆ ಇದೇ ಊರಿನಲ್ಲಿ 1908ರಿಂದ ನಡೆಯುತ್ತಿರುವ ಸರ್ಕಾರಿ ಆಯುರ್ವೇದ ಕಾಲೇಜಿದೆ. ನಾಡಿ ಹಿಡಿದು, ಕೈಲಿರುವ ಮಾತ್ರೆಗಳ ಪಟ್ಟಿ ನೋಡಿ ಕೊಡುವ ವೈದ್ಯರು ಅಲ್ಲಿ ಸಿಗುತ್ತಾರೆ.

ಅಂಕ ಕೊಡಲೇಬೇಕಾದರೆ ಚೊಕ್ಕಟತನಕ್ಕೆ ನಾಲ್ಕೂವರೆ, ಬೆಲೆಗೆ ನಾಲ್ಕು, ಔಷಧವೆಂದು ಮಾರುವ ರೀತಿಗೆ ಒಂದು. ಬೂದುಗುಂಬಳದ ರಸವನ್ನು ನಾನು ಈಗಲೂ ವಾರಕ್ಕೊಮ್ಮೆ ಕುಡಿಯುತ್ತೇನೆ, ತಿಂಡಿಯಾದ ಮೇಲೆ, ಬಾಯಾರಿಕೆಗೆ. ಬೂದುಗುಂಬಳವೂ ಆ ಬಳ್ಳಿಗಳ ಪೈಕಿಯದ್ದೇ ಆದ್ದರಿಂದ ಮೊದಲ ಗುಟುಕನ್ನು ಬಾಯಲ್ಲಿ ಒಂದು ಕ್ಷಣ ನಿಲ್ಲಿಸಿಕೊಂಡೇ ನುಂಗುತ್ತೇನೆ. ಮಿಶ್ರದಿಂದ ಸೋರೆಯನ್ನು ಮಾಲೀಕ ತೆಗೆದುಹಾಕಿದ್ದಾನೆ. ಸೋರೆಯ ಕ್ಯಾನು ಬೇರೆಯಾಗಿದೆ, ರುಬ್ಬುವ ಮುಂಚೆ ಪ್ರತಿ ಕಾಯಿಯ ಎರಡೂ ತುದಿಯಿಂದ ಹೋಳು ಕೊಯ್ದು ಅವನ ಹೆಂಡತಿ ಅಗಿದು ನೋಡುತ್ತಾಳೆ. ಮೇ ತಿಂಗಳಲ್ಲಿ ಹೀಗೆ ಎರಡು ಕಾಯಿ ಎಸೆದೆವೆಂದು ಹೇಳಿದಳು. ಫಲಕವನ್ನು ಮಾತ್ರ ಬದಲಾಯಿಸಿಲ್ಲ. ಹೊಸದಕ್ಕೆ ಎಂಟುನೂರು ರೂಪಾಯಿ ಕೇಳುತ್ತಾರಂತೆ, ಆದ್ದರಿಂದ ‘ಬಿ.ಪಿ.ಗೆ ಸೋರೆಕಾಯಿ’ ಎಂಬುದರ ಮೇಲೆ ಬಿಳಿ ಕಾಗದ ಅಂಟಿಸಿದ್ದಾರೆ; ಅದರ ಪಕ್ಕದಲ್ಲೇ ‘ಲಿವರ್ ಶುದ್ಧಿಗೆ ಅಮೃತಬಳ್ಳಿ’ ಹಾಗೆಯೇ ಇದೆ, ಬೆಳಿಗ್ಗೆ ಆರಕ್ಕೆ ಮೊದಲು ಖಾಲಿಯಾಗುವ ಕ್ಯಾನು ಈಗ ಅದೇ.